ಬಾಣಂತಿ ಸನ್ನಿಗೆ ಬಿದ್ದ ನಂಬರು

ಸಚಿನ ಎಂದಿನಂತೆ ಮೂಲೆಯ ಟೇಬಲ್ಲಿಗೆ ಬಂದು ಕೂತ. ನಾನು ಅವನ ಮುಂದೆ ತಾಟು ಇಟ್ಟೆ. ಬರೀ ತಾಟು. ರೊಟ್ಟಿ ಇಲ್ಲ, ಪಲ್ಯ ಇಲ್ಲ, ಉಳ್ಳಾಗಡ್ಡಿಯ ಒಂದು ಚೂರೂ ಇಲ್ಲ. ಅವನು ತಾಟನ್ನು ನೋಡಿದ, ನನ್ನ ಮುಖ ನೋಡಿದ, ಮತ್ತೆ ತಾಟನ್ನು ನೋಡಿದ.

"ಅಕ್ಕಾರ, ಊಟ?"

"ಮೊದಲ ಒಂದ ಮಾತು ಹೇಳು. ಎಫ್ ಐವತ್ಮೂರು ಅಂದ್ರ ಏನು?"

ಅವನ ಮುಖ ಹುಳ್ಳಗಾಯಿತು. ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ನೀರಿನ ಲೋಟ ಹಿಡಿದುಕೊಂಡ.

ನನ್ನದು ಹಳಿಯಾಳ ಬಸ್ ನಿಲ್ದಾಣದ ಎದುರಿನ ಸಂದಿಯಲ್ಲಿ ಖಾನಾವಳಿ. ನಿರ್ಮಲಕ್ಕನ ಖಾನಾವಳಿ ಎಲ್ಲಿ ಅಂದರೆ ಯಾರಾದರೂ ತೋರಿಸುತ್ತಾರೆ. ಸಿಟ್ಟಿನ ನಿರ್ಮಲಕ್ಕನದು ಅಂದರೆ ಇನ್ನೂ ಬೇಗ ತೋರಿಸುತ್ತಾರೆ. ಸಚಿನ ಖಾನಾಪುರ ಕಡೆಯ ಮರಾಠಿ ಹುಡುಗ, ಸಂದಿಯ ಆಚೆ ತುದಿಯ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಸೂಜಿ ಚುಚ್ಚುವ ಕೆಲಸವಲ್ಲ, ಮಾತ್ರೆ ಕೊಡುವ ಕೆಲಸವಲ್ಲ. ಪೇಶಂಟ್ ಮನೆಗೆ ಹೋದ ಮೇಲೆ ಫೈಲು ನೋಡಿ, ಅವರಿಗೆ ಯಾವ ರೋಗವಾಗಿತ್ತೋ ಅದಕ್ಕೆ ಒಂದು ನಂಬರು ಹಚ್ಚುವ ಕೆಲಸ. ಲೋಕದಲ್ಲಿರುವ ಪ್ರತಿ ರೋಗಕ್ಕೂ ಒಂದು ನಂಬರು ಇದೆಯಂತೆ. ವಿಮೆಯವರು, ಸರಕಾರದವರು ಯಾರೂ ರೋಗಿಯ ಕಥೆ ಓದುವುದಿಲ್ಲ, ಆ ನಂಬರು ಓದುತ್ತಾರಂತೆ. ಮೊದಲ ಸಲ ಅವನು ಇದನ್ನು ಹೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. "ನನ್ನ ಸಿಟ್ಟಿಗೆ ಯಾವ ನಂಬರೋ ಹುಚ್ಚಪ್ಪಾ?" ಎಂದು ಕೇಳಿದ್ದೆ.

ಹುಚ್ಚಪ್ಪ, ಹುಚ್ಚಿ. ಇವು ನನ್ನ ಬಾಯಿಯ ಚಟ. ಗಿರಾಕಿಗೂ ಹುಚ್ಚಪ್ಪ, ನನ್ನ ಜೊತೆ ರೊಟ್ಟಿ ಬಡಿಯುವ ಜುಲಿಯಾನಾಳಿಗೂ ಹುಚ್ಚಿ. ತಂಗಿ ಉಮಾಶ್ರೀಗಂತೂ ಹುಟ್ಟಿದಾಗಿನಿಂದ ನಾನು ಕರೆದದ್ದು ಅದೇ ಹೆಸರಿನಿಂದ. "ಏ ಹುಚ್ಚಿ, ಜಡಿ ಹಾಕ್ಕೊಂಡು ಬಾ." "ಏ ಹುಚ್ಚಿ, ಗಂಡ ಛಲೋ ಅದಾನಿಲ್ಲೋ?" ಈಗ ಆ ಮಾತು ನನ್ನ ನಾಲಿಗೆಯ ಮೇಲೆ ಬರುತ್ತಿರಲಿಲ್ಲ. ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅವ್ವ "ತಲಿ ಕೆಟ್ಟತವ್ವಾ" ಅನ್ನಲು ಹೋಗಿ ಅರ್ಧಕ್ಕೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಉಮಾಶ್ರೀಯನ್ನು ಮುಂಡಗೋಡಕ್ಕೆ ಕೊಟ್ಟಿದ್ದೇವೆ. ಗಂಡ ಶರಣಬಸವ, ಮಾವ ಶಿವಲಿಂಗಪ್ಪ, ಬೀಜ-ಗೊಬ್ಬರದ ಅಂಗಡಿ. ಚೊಚ್ಚಲ ಹೆರಿಗೆಗೆ ತವರಿಗೆ, ತೇರಗಾಂವಕ್ಕೆ, ಕರೆತಂದಿದ್ದೆವು. ಹೆರಿಗೆಯಾದದ್ದು ಇದೇ ಸಚಿನನ ಆಸ್ಪತ್ರೆಯಲ್ಲಿ. ಹೆಣ್ಣು ಕೂಸು, ತಲೆ ತುಂಬ ಕೂದಲು. ಡಾಕ್ಟರ್ ಉದಯಕುಮಾರ "ಎಲ್ಲಾ ಛಲೋ ಆಗೇತಿ, ಕರಕೊಂಡು ಹೋಗ್ರಿ" ಎಂದು ಬೆನ್ನು ತಟ್ಟಿ ಕಳಿಸಿದರು.

ವಾರ ತುಂಬುವುದರೊಳಗೆ ಉಮಾಗೆ ಜ್ವರ. ಅವ್ವ ಕಿವಿಗೆ ಬಿಗಿಯಾಗಿ ಬಟ್ಟೆ ಕಟ್ಟಿದಳು, ಮಂಚದ ಕೆಳಗೆ ಕೆಂಡ ಇಟ್ಟಳು, ಕಷಾಯ ಕುಡಿಸಿದಳು. ಜ್ವರ ಇಳಿಯಲಿಲ್ಲ. ಮೈ ಮುಟ್ಟಿದರೆ ಒಲೆಯ ಮೇಲಿನ ಹಂಚು. ಆಮೇಲೆ ಹುಡುಗಿ ಬಡಬಡಿಸತೊಡಗಿದಳು. ಕೂಸನ್ನು ಮುಂದೆ ಹಿಡಿದರೆ "ಇದು ಯಾರದು? ಅವರಿಗೆ ಕೊಟ್ಟ ಬರ್ರಿ" ಅಂದಳು. ನನ್ನನ್ನು ನೋಡಿ, ಎಂದೋ ತೀರಿಹೋದ ಅಪ್ಪನ ಹೆಸರು ಹಿಡಿದು ಕರೆದಳು. ಟಂಟಂ ಗಾಡಿ ಹಿಡಿದು ಅದೇ ಆಸ್ಪತ್ರೆಗೆ ಒಯ್ದೆವು.

ಬಾಗಿಲಲ್ಲಿ ನರ್ಸ್ ಹುಡುಗಿ, ಏನಾಗಿದೆ ಎಂದು ಕೇಳಿದಳು. ಅವ್ವ ಅಂದಳು, "ಬಾಣಂತಿ ಸನ್ನಿ ಆಗೇತ್ರಿ ಯವ್ವಾ. ಮೈ ಮುಟ್ಟಿ ನೋಡ್ರಿ, ಸುಡಾಕತ್ತೇತಿ." ಹುಡುಗಿ ಮೊದಲ ಮಾತನ್ನು ಬರೆದುಕೊಂಡಳು. ಎರಡನೆಯದನ್ನು ಬರೆದುಕೊಳ್ಳಲಿಲ್ಲ.

ಉದಯಕುಮಾರ ಬಾಗಿಲಲ್ಲೇ ನಿಂತು ನೋಡಿದರು. ಉಮಾ ಒದರುತ್ತಿದ್ದಳು. ಅವಳ ಓಢಣಿಯಿಂದಲೇ ಅವಳ ಕೈಗಳನ್ನು ಮಂಚಕ್ಕೆ ಕಟ್ಟಿಸಿದರು. ನಿದ್ದೆ ಇಂಜೆಕ್ಷನ್ ಕೊಡಿಸಿದರು. ಒಂದು ತೊಟ್ಟು ರಕ್ತವನ್ನೂ ತೆಗೆದು ಪರೀಕ್ಷೆಗೆ ಕಳಿಸಲಿಲ್ಲ. ಮರುದಿನ ಉಸಿರು ಎಳೆಯತೊಡಗಿದಾಗ, "ನಮ್ಮ ಕಡೆ ಆಗಂಗಿಲ್ಲ, ಹುಬ್ಬಳ್ಳಿಗೆ ಒಯ್ರಿ" ಎಂದು ಕೈ ತೊಳೆದುಕೊಂಡರು.

ಹುಬ್ಬಳ್ಳಿಯವರು ಮೊದಲು ಮಾಡಿದ್ದೇ ರಕ್ತ ಪರೀಕ್ಷೆ. ಹೆರಿಗೆಯಾದ ಮೇಲೆ ಬೀಳಬೇಕಾದ ಕಸದ, ಅಂದರೆ ಮಾಸಿನ, ಒಂದು ಚೂರು ಗರ್ಭದಲ್ಲೇ ಉಳಿದು, ಕೊಳೆತು, ಅದರ ಕೀಟಾಣು ರಕ್ತಕ್ಕೆ ಸೇರಿತ್ತು. ರಕ್ತಕ್ಕೆ ನಂಜೇರಿತ್ತು. ಆ ಜ್ವರಕ್ಕೇ ಹುಡುಗಿ ಬಡಬಡಿಸಿದ್ದು. ಚೂರು ತೆಗೆದರು, ಔಷಧಿ ಏರಿಸಿದರು, ಜ್ವರ ಇಳಿಯಿತು, ಬಡಬಡಿಕೆ ನಿಂತಿತು. ಕಣ್ಣು ಬಿಟ್ಟವಳೇ ಕೇಳಿದ್ದು, "ಅಕ್ಕಾ, ಕೂಸಿಗೆ ಹಾಲು ಯಾರು ಕುಡಸಾಕತ್ತಾರ?" ಅಂತ. ನಾನು ವಾರ್ಡಿನಲ್ಲೇ ಗಳಗಳ ಅತ್ತುಬಿಟ್ಟೆ.

ಕೂಸು ಆಗ ಮುಂಡಗೋಡದಲ್ಲಿತ್ತು. ತಾಯಿ ಐಸಿಯುದಲ್ಲಿದ್ದಾಗ ಶರಣಬಸವ ಬಂದು ಒಯ್ದಿದ್ದ. ಅದು ಸರಿಯೇ, ನಾವೇ ಕೊಟ್ಟು ಕಳಿಸಿದ್ದು. ಆದರೆ ತಾಯಿ ಎದ್ದು ಓಡಾಡತೊಡಗಿದ ಮೇಲೂ ಕೂಸು ತಿರುಗಿ ಬರಲಿಲ್ಲ. ಇವತ್ತು ಬರ್ತೇವಿ, ನಾಳೆ ಬರ್ತೇವಿ. ಕೊನೆಗೆ ನಾವೇ ಹೋದೆವು, ನಾನು ಮತ್ತು ಉಮಾ. ಶಿವಲಿಂಗಪ್ಪ ಅಂಗಡಿಯ ಗಾದಿಯಿಂದ ಏಳದೆ, ಮಗನ ಫೋನು ನನ್ನ ಕೈಗೆ ಕೊಟ್ಟರು. ಹಳಿಯಾಳದ ಆಸ್ಪತ್ರೆಯ ಬಾಬತ್ತು ವಿಮೆಯವರು ಕಳಿಸಿದ ಸಂದೇಶ ಅದರಲ್ಲಿತ್ತು. ರೋಗದ ಕಡೆ ಎಫ್ ಐವತ್ಮೂರು. ಅದರ ಕೆಳಗೆ ಅರ್ಥ: ಹೆರಿಗೆಯ ನಂತರದ ಮಾನಸಿಕ ಅಸ್ವಸ್ಥತೆ.

"ಬೀಗರ, ಹುಬ್ಬಳ್ಳಿ ಕಾಗದ ನೋಡ್ರಿ. ಅದು ರಕ್ತದ ನಂಜು" ಎಂದೆ.

"ನೋಡೇನಿ ತಂಗಿ. ರಕ್ತದ ರೋಗ ಹುಬ್ಬಳ್ಳ್ಯಾಗ ನೋಡ್ಯಾರ. ತಲೀ ರೋಗ ಹಳಿಯಾಳದಾಗ ನೋಡ್ಯಾರ. ಎರಡೂ ಕಾಗದ ಖರೇನ ಅದಾವ."

"ತಲೀ ರೋಗ ಇಲ್ರಿ ನನಗ!" ಉಮಾ ಒದರಿದಳು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಶಿವಲಿಂಗಪ್ಪ ನನ್ನ ಕಡೆ ನೋಡಿ, ದನಿ ಇಳಿಸಿ, "ನೋಡಿದ್ರ್ಯಾ? ಈಗೂ ಹಂಗ ಮಾಡ್ತಾಳ. ಇಂಥಾಕಿ ಕೈಯಾಗ ಎಳೇ ಕೂಸು ಹೆಂಗ ಕೊಡೂದ್ರಿ?" ಅಂದರು.

ಅವರು ಕೆಟ್ಟವರಾಗಿದ್ದರೆ ನನಗೆ ಸಲೀಸಾಗುತ್ತಿತ್ತು. ಕೆಟ್ಟವರಲ್ಲ. ಹೆಣ್ಣು ಕೂಸು ಎಂದು ಮೂಗು ಮುರಿದವರಲ್ಲ. ಮೊಮ್ಮಗಳ ಜೀವಕ್ಕೆ ನಿಜವಾಗಿಯೇ ಅಂಜಿದ್ದರು. ಅಂಜಿದವನ ಜೊತೆ ಜಗಳಾಡುವುದು ಹೇಗೆ? ಅವತ್ತಿನಿಂದ ಮನೆಯಲ್ಲಿ ಉಮಾಗೆ ಒಂದೇ ಪಾಠ. ದನಿ ಏರಿಸಬೇಡ. ಸಿಟ್ಟು ಮಾಡಬೇಡ. ಮಂದಿ ಮುಂದೆ ಅಳಬೇಡ. ಸುಮ್ಮನೆ ನಗಬೇಡ. ಹುಡುಗಿ ಬರಬರುತ್ತ ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದಳು. ಹಾಲು ಬತ್ತಿಹೋಗಬಾರದೆಂದು ದಿನಾ ಹಿಂಡಿ ಬಚ್ಚಲಿಗೆ ಚೆಲ್ಲುತ್ತಿದ್ದಳು.

ಹಿಂದಿನ ದಿನ ಸಂಬಂಧಿಕರೊಬ್ಬರ ಫೋನಿಗೆ ಆಮಂತ್ರಣ ಬಂತು. ಸೋಮವಾರ ಮುಂಡಗೋಡದಲ್ಲಿ ತೊಟ್ಟಿಲ ಕಾರ್ಯ, ಕೂಸಿಗೆ ಹೆಸರಿಡುವುದು. ಅಜ್ಜ, ಅಜ್ಜಿ, ಅಪ್ಪ, ಅತ್ತೆ, ಎಲ್ಲರ ಹೆಸರಿದ್ದವು. ಹಡೆದವಳ ಹೆಸರು ಇರಲಿಲ್ಲ. ಅವತ್ತು ಸಚಿನನ ತಾಟು ಖಾಲಿ ಇಟ್ಟದ್ದು ಅದಕ್ಕೇ.

"ಹೇಳೋ. ಬಾಯಿ ಇಲ್ಲೇನು?"

ಸಚಿನ ನೀರಿನ ಲೋಟ ಕೆಳಗಿಟ್ಟ. "ಅಕ್ಕಾರ, ಆ ಫೈಲಿನ್ಯಾಗ ರೋಗದ ಹೆಸರ ಇದ್ದಿಲ್ರಿ. ಡಾಕ್ಟರ್ ಸಾಹೇಬ್ರು ಬರದಿದ್ದಿಲ್ಲ. ಬಾಣಂತಿ ಸನ್ನಿ ಅಂತ ಒಂದ ಸಾಲ ಇತ್ತು. ನನಗ ಆ ಮಾತು ತಿಳಿಲಿಲ್ಲ. ಹೋಗಿ ಕೇಳಿದೆ. ‘ಅದು ಬಾಣಂತಿಯರಿಗೆ ಬರೂ ಹುಚ್ಚು, ಎಫ್ ಹಾಕು’ ಅಂದ್ರು. ಹಾಕಿದೆ."

"ಸನ್ನಿ ಅಂದ್ರ ಹುಚ್ಚಂತ ಯಾವ ಸಾಲಿ ಕಲಿಸಿತೋ ಅವರಿಗೆ? ಜ್ವರ ನೆತ್ತಿಗೇರಿ ಬಡಬಡಸೂದಕ್ಕ ಸನ್ನಿ ಅಂತಾರ!"

"ನನಗೇನ ಗೊತ್ರಿ ಅಕ್ಕಾರ. ಸಾಹೇಬ್ರು ಧಾರವಾಡದವರು, ಅವರಿಗೆ ಗೊತ್ತಿರ್ತದ ಅಂತ..."

ಅಲ್ಲಿಗೆ ನನ್ನ ಸಿಟ್ಟು ಇವನನ್ನು ದಾಟಿ ಮುಂದೆ ಹೋಯಿತು. ಹೌದಲ್ಲ, ಧಾರವಾಡದಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಸನ್ನಿ ಅಂದರೇನೆಂದು ಗೊತ್ತಿರಲಿಲ್ಲವೇ? ಅವನವ್ವ ಅವನನ್ನು ಹಡೆದಾಗ ಕಿವಿಗೆ ಬಟ್ಟೆ ಕಟ್ಟಿಕೊಂಡಿರಲಿಲ್ಲವೇ?

"ಖರೇ ನಂಬರ ಯಾವುದು?"

"ಓ ಎಂಬತ್ತೈದು. ಬಾಣಂತಿ ರಕ್ತಕ್ಕ ನಂಜೇರಿದ್ರ ಅದನ್ನ ಹಾಕಬೇಕು."

"ತಿದ್ದು."

"ನನ್ನ ಕೈಯಾಗಿಲ್ರಿ. ಸಾಹೇಬ್ರು ಬರದು ಸಹಿ ಮಾಡಿದ್ರ ತಿದ್ದತೇನಿ. ಅವರು ಮಾಡಂಗಿಲ್ಲ." ಅವನು ಬಾಗಿಲ ಕಡೆ ನೋಡಿ ಪಿಸುಗುಟ್ಟಿದ. "ಎಫ್ ಹಾಕಿದ್ರ ರೋಗ ಬಾಣಂತಿ ತಲೀದು. ಓ ಹಾಕಿದ್ರ, ಹೆರಿಗಿ ಎಲ್ಲಿ ಆತು, ಯಾರು ಮಾಡಿಸಿದ್ರು, ಒಳಗ ಏನ ಉಳೀತು ಅಂತ ಮ್ಯಾಲಿನವರು ಕೇಳತಾರ."

ಒಳಗೆ ಹಂಚಿನ ಮುಂದಿದ್ದ ಜುಲಿಯಾನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಾನು ಸಚಿನನಿಗೆ ರೊಟ್ಟಿ ಬಡಿಸಿದೆ, ಪಲ್ಯ ಬಡಿಸಿದೆ. ಹಸಿದವನನ್ನು ಎಬ್ಬಿಸಿ ಕಳಿಸುವಷ್ಟು ಕೆಟ್ಟವಳಲ್ಲ ನಾನು. ಆದರೆ ಶೇಂಗಾ ಚಟ್ನಿ ಹಾಕಲಿಲ್ಲ.

ಮರುದಿನ ಖಾನಾವಳಿಗೆ ಬೀಗ ಜಡಿದು, ಅವ್ವನನ್ನು ತೇರಗಾಂವದಿಂದ ಕರೆಸಿಕೊಂಡು, ಜುಲಿಯಾನಾಳ ಜೊತೆ ಆಸ್ಪತ್ರೆಗೆ ಹೊರಟೆ. ಜುಲಿಯಾನಾ ಗರಡೊಳ್ಳಿ ಕಡೆಯ ಸಿದ್ದಿ ಹೆಂಗಸು. ಬಾಯಿ ನನಗಿಂತ ಒಂದು ಕೈ ಮೇಲು. ಅವತ್ತು ಮಾತ್ರ ದಾರಿಯಲ್ಲಿ ಸುಮ್ಮನಿದ್ದಳು.

"ಯಾಕ, ನೀ ಇವತ್ತ ಮಾತಾಡವಲ್ಲಿ?" ಎಂದು ಕೇಳಿದೆ.

"ನಾ ಒದರಿದ್ರ ‘ಕುಡದ ಬಂದಾಳ’ ಅಂತಾರ ಅಕ್ಕಾ. ನಿನ್ನ ತಂಗಿ ಒದರಿದ್ರ ‘ತಲಿ ಕೆಟ್ಟೇತಿ’ ಅಂತಾರ. ನೀ ಒದರಿದ್ರ ಮಾತ್ರ ‘ನಿರ್ಮಲಕ್ಕಗ ಸಿಟ್ಟ ಬಂದೇತಿ’ ಅಂತಾರ. ಇವತ್ತ ನೀನ ಒದರು. ನಾ ಬಾಜೂಕ ನಿಂದರ್ತೇನಿ."

ಉದಯಕುಮಾರ ನಮ್ಮನ್ನು ಕೂರಿಸಿ ಮಾತಾಡಿದರು. ಅದೇ ನನಗೆ ಇನ್ನೂ ಸಿಟ್ಟು ತರಿಸಿದ್ದು. ಆ ಮನುಷ್ಯ ಬೆಣ್ಣೆಯಂಥ ದನಿಯಲ್ಲಿ, "ನಿಮ್ಮ ತಂಗಿ ಈಗ ಆರಾಮ ಅದಾರಲ್ಲ? ಸಂತೋಷ. ಮತ್ತ ಹಳೇದು ಯಾಕ ಕೆದಕೂದು?" ಅಂದರು.

"ಆರಾಮ ಅದಾಳ್ರಿ. ಆಕಿ ಕೂಸು ಆಕಿ ಕಡೆ ಇಲ್ಲ. ನೀವು ಹಚ್ಚಿದ ನಂಬರ ನೋಡಿ ಇಟ್ಕೊಂಡಾರ."

"ಅದು ಅವರ ಮನಿ ವಿಷಯ. ನಾವು ಪೇಶಂಟ್ ಕಡೆಯವರು ಹೇಳಿದ್ದನ್ನ ಬರಕೊಂಡೇವಿ. ಬಾಣಂತಿ ಸನ್ನಿ ಅಂತ ಹೇಳಿದವರು ನಿಮ್ಮ ತಾಯಿನೇ." ಅವರು ಅವ್ವನ ಕಡೆ ತಿರುಗಿದರು. "ಹೌದಲ್ಲಮ್ಮ?"

ಅವ್ವ ಸೆರಗಿನ ತುದಿ ಹಿಂಡುತ್ತ, "ಹೌದ್ರಿ ಯಪ್ಪಾ. ಸನ್ನಿ ಅಂದೆ. ಮೈ ಸುಡಾಕತ್ತೇತಿ ಅಂತನೂ ಅಂದೆ" ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಮಗಳ ಕೂಸು ಹೋದದ್ದು ತನ್ನ ಬಾಯಿಂದಲೇ ಎಂದು ಅವಳು ನಂಬಿಬಿಟ್ಟಿದ್ದಳು. ಆ ಬೆಣ್ಣೆ ದನಿ ಅವಳನ್ನು ಹಾಗೆ ನಂಬಿಸಿತ್ತು.

ನನಗೆ ತಡೆಯಲಾಗಲಿಲ್ಲ. ಕುರ್ಚಿ ಹಿಂದಕ್ಕೆ ಬಿತ್ತು. ಬಾಗಿಲು ತೆರೆದು, ಪೇಶಂಟ್‌ಗಳು ಕೂರುವ ಹೊರಗಿನ ಹಜಾರಕ್ಕೆ ಬಂದೆ. ಸಂತೆಯ ದಿನ, ಹಜಾರ ತುಂಬಿತ್ತು. ಬಸುರಿಯರು, ಅವರ ಜೊತೆ ಬಂದ ಅವ್ವಂದಿರು, ಅತ್ತೆಯರು. ಯಲ್ಲಾಪುರದ ಕಡೆಯವರು, ದಾಂಡೇಲಿಯವರು, ಜೋಯಿಡಾದ ಹಳ್ಳಿಯವರು.

"ಯವ್ವಗಳಿರಾ!" ನಾನು ಒದರಿದೆ. "ಎಲ್ಲಾರೂ ಹಡದವರದೀರಿ. ಒಂದ ಮಾತು ಹೇಳ್ರಿ. ಬಾಣಂತಿ ಸನ್ನಿ ಅಂದ್ರ ಏನು?"

ಮೂಲೆಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಅಜ್ಜಿಯೊಬ್ಬಳು, "ಅದನ್ನೇನ ಕೇಳ್ತಿ ಮಗಳ? ಹಡದಾಕಿಗೆ ಚಳಿ ಜ್ವರ ಬಂದು, ಮೈ ಬೆಂಕಿ ಆಗಿ, ನೆತ್ತಿಗೇರತೈತಿ" ಅಂದಳು.

"ಹೊಲಸ ವಾಸನಿ ಬರತೈತಿ. ಹಲ್ಲ ಕಟ್ಟಿ ನಡಗತಾರ" ಎಂದು ಇನ್ನೊಬ್ಬಳು ಸೇರಿಸಿದಳು.

"ಅಂದ್ರ ಅದು ಹುಚ್ಚ ಅಲ್ಲ?"

"ಅಯ್ಯ, ಹುಚ್ಚ ಯಾಕಾಗತೈತಿ? ಜ್ವರ ಅದು!"

ಡಾಕ್ಟರ್ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. "ನೋಡಿ, ಇದು ಆಸ್ಪತ್ರೆ, ಗಲಾಟೆ ಮಾಡಬೇಡಿ" ಎನ್ನುತ್ತಿದ್ದರು. ಬೆಣ್ಣೆ ಕರಗಿ, ಪುಸ್ತಕದ ಕನ್ನಡ ಬಂದಿತ್ತು.

"ಕೇಳಿದ್ರ್ಯಾ ಡಾಕ್ಟರ್? ಕೇಳಿಸ್ಕೊಂಡ್ರ್ಯಾ? ನಮ್ಮವ್ವ ನಿಮಗ ರೋಗಾನ ಹೇಳಿದ್ಲು. ನೀವು ಅದನ್ನ ಹುಚ್ಚ ಅಂತ ಮಾಡಿದ್ರಿ. ರಕ್ತಾ ನೋಡೂದು ಬಿಟ್ಟು ಕೈ ಕಟ್ಟಿದ್ರಿ!"

ಆ ಮೂಲೆಯ ಅಜ್ಜಿ ಜಗಿಯುವುದನ್ನು ನಿಲ್ಲಿಸಿ ಎದ್ದು ನಿಂತಳು. "ಹೌದ? ನನ್ನ ಹಿರೇ ಸೊಸಿಗೂ ಹೋದ ತಿಂಗಳ ಇಲ್ಲೇ ಹೆರಿಗಿ ಆತು. ಆಮ್ಯಾಲ ಇದ ಜ್ವರ. ‘ಮನಸಿನ ತ್ರಾಸ ಐತಿ’ ಅಂತ ಗುಳಿಗಿ ಕೊಟ್ಟ ಕಳಿಸಿದ್ರು. ಧಾರವಾಡಕ್ಕ ಒಯ್ದು ಬದುಕಿಸ್ಕೊಂಡ್ವಿ." ಅವಳು ಪಕ್ಕದಲ್ಲಿದ್ದ ಬಸುರಿ ಹುಡುಗಿಯ ಕೈ ಹಿಡಿದಳು. "ಇಕಿ ಸಣ್ಣ ಸೊಸಿ. ಏಳವ್ವಾ, ಹೋಗೂಣು ನಡಿ."

ದಾಂಡೇಲಿಯ ಹೆಂಗಸೊಬ್ಬಳು ತನ್ನ ಓಣಿಯಲ್ಲೂ ಒಬ್ಬಳಿಗೆ ಹೀಗಾಗಿತ್ತೆಂದಳು. ಇನ್ನೊಬ್ಬ ಬಸುರಿ ಚೀಲ ಎತ್ತಿಕೊಂಡಳು. ಅವಳ ಹಿಂದೆ ಮತ್ತೊಬ್ಬಳು. ಜುಲಿಯಾನಾ ಬಾಗಿಲನ್ನು ಅಗಲಕ್ಕೆ ತೆಗೆದು ಹಿಡಿದುಕೊಂಡು ನಿಂತಳು, ಒಂದು ಮಾತೂ ಆಡದೆ.

ಹಜಾರ ಅರ್ಧ ಖಾಲಿಯಾದಾಗ ಉದಯಕುಮಾರ ನನ್ನನ್ನು ಒಳಗೆ ಕರೆದರು. ಸಚಿನನನ್ನೂ ಕರೆಸಿದರು. ನಾನು ತಂದಿದ್ದ ಹುಬ್ಬಳ್ಳಿಯ ರಕ್ತ ಪರೀಕ್ಷೆಯ ಕಾಗದವನ್ನು ಆಗ ಮೊದಲ ಸಲ ಬಿಚ್ಚಿ ಓದಿದರು. ಎಫ್ ಐವತ್ಮೂರು ತಪ್ಪಾಗಿ ನಮೂದಾಗಿದೆ, ರೋಗಿಗೆ ಆಗಿದ್ದು ಹೆರಿ‌ಗೆಯ ನಂತರದ ರಕ್ತದ ಸೋಂಕು, ಓ ಎಂಬತ್ತೈದು ಎಂದು ಬರೆಸಿದರು. ಪೆನ್ನು ಎತ್ತಿ, "ಇದು ನಿಮ್ಮ ತಂಗಿಯ ಮ್ಯಾಲಿನ ಕರುಣೆಯಿಂದ ಮಾಡ್ತಾ ಇದೀನಿ" ಅಂದರು.

"ಕರುಣೆ ನೀವ ಇಟ್ಕೋರಿ. ಸಿಕ್ಕಾ ಸರಿಯಾಗಿ ಒತ್ತರಿ" ಎಂದೆ.

ಸತ್ಯ ಗೊತ್ತಾಗಿ ಅವರು ಸಹಿ ಮಾಡಿದ್ದಲ್ಲ. ಸತ್ಯ ಅವರಿಗೆ ಮೊದಲೇ ಗೊತ್ತಿತ್ತು. ಬೆಂಚುಗಳು ಖಾಲಿಯಾದದ್ದಕ್ಕೆ ಸಹಿ ಮಾಡಿದರು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ. ಆ ಅಜ್ಜಿಯ ಫೋನ್ ನಂಬರು ಇಸಿದುಕೊಂಡಿದ್ದೇನೆ, ದಾಂಡೇಲಿಯವಳದ್ದೂ. ಎಲ್ಲರೂ ಸೇರಿ ಆರೋಗ್ಯ ಇಲಾಖೆಗೆ ಹೋಗುವುದಿದೆ. ಆದರೆ ಮೊದಲು ನಮ್ಮ ಕೂಸು.

ಸೋಮವಾರ ಮುಂಜಾನೆ ಬಸ್ಸಿನಲ್ಲಿ ನಾನು ಉಮಾಗೆ ಮತ್ತೆ ಪಾಠ ಒಪ್ಪಿಸಿದೆ. "ಅವರು ಏನ ಅಂದ್ರೂ ಸುಮ್ಮನಿರು. ಕಾಗದ ನಾ ತೋರಸ್ತೇನಿ, ಮಾತು ನಾ ಆಡ್ತೇನಿ. ನೀ ದನಿ ಏರಿಸಬ್ಯಾಡ ನಮ್ಮವ್ವಾ." ಅವಳು ಕಿಟಕಿಯ ಆಚೆ ಗೋವಿನಜೋಳದ ಹೊಲಗಳನ್ನು ನೋಡುತ್ತ ಕೂತಿದ್ದಳು.

ಮುಂಡಗೋಡದ ಮನೆಯಲ್ಲಿ ಗುಗ್ಗರಿ ಬೇಯುವ ವಾಸನೆ. ಒಳಗಿನ ಕೋಣೆಯಲ್ಲಿ ತೊಟ್ಟಿಲಿಗೆ ಹೂ ಕಟ್ಟಿದ್ದರು. ಪಡಸಾಲೆ ತುಂಬ ಹೆಂಗಸರು. ಶಿವಲಿಂಗಪ್ಪ "ಬರ್ರಿ" ಅಂದರು, ಚಾಪೆ ತೋರಿಸಿದರು. ನಾನು ಕಾಗದ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು, ಸಿಕ್ಕಾ ಮುಟ್ಟಿ ನೋಡಿದರು. ಶರಣಬಸವ ಅಪ್ಪನ ಹಿಂದೆ ನಿಂತು ನೆಲ ನೋಡುತ್ತಿದ್ದ.

"ಮೊದಲ ಒಂದ ನಂಬರ ಕೊಟ್ರು. ಈಗ ಇನ್ನೊಂದ ಕೊಟ್ಟಾರ" ಎಂದರು ಶಿವಲಿಂಗಪ್ಪ. "ನಾಳೆ ಮೂರನೇದ ಬಂದ್ರ? ನಾ ಬೀಜ ಮಾರಾಂವ ತಂಗಿ. ಚೀಲಕ್ಕ ಹಳೇ ಚೀಟಿ ಹರದು ಹೊಸ ಚೀಟಿ ಹಚ್ಚಿದ್ರ ನಾ ಆ ಚೀಲ ಮುಟ್ಟಂಗಿಲ್ಲ. ಇನ್ನ ಆರ ತಿಂಗಳ ನೋಡೂಣು. ಸೊಸಿ ಇಷ್ಟ ಸಮಾಧಾನಲೆ ಇದ್ರ, ಆಮ್ಯಾಲ ವಿಚಾರ ಮಾಡೂಣು."

ಆರು ತಿಂಗಳು! ನನ್ನ ತಲೆಯೊಳಗೆ ಏನೋ ಸಿಡಿಯಿತು. ಆದರೆ ನಾನು ಬಾಯಿ ತೆಗೆದು ಕೆಲಸ ಕೆಟ್ಟರೆ? ಹಲ್ಲು ಕಚ್ಚಿ ಕೂತೆ. ಹಾಗೆ ಕೂತದ್ದು ಜನ್ಮದಲ್ಲಿ ಅದೊಂದೇ ಸಲ.

ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಹಸಿವಿನ ಅಳು. ಯಾರೋ "ಬಾಟ್ಲಿ ತರ್ರಿ" ಅಂದರು, ಯಾರೋ ತೊಟ್ಟಿಲು ತೂಗಿದರು. ಅಳು ಏರಿತು. ಪಕ್ಕದಲ್ಲಿದ್ದ ಉಮಾಳನ್ನು ನೋಡಿದೆ. ಅವಳ ಕುಪ್ಪಸದ ಮುಂಭಾಗ ತೊಯ್ದು ಹೋಗಿತ್ತು, ಸೀರೆಗೂ ಹಾಲು ಇಳಿದಿತ್ತು. ಅವಳು ನನ್ನ ಕೈ ಕಿತ್ತೆಸೆದು ಎದ್ದು ನಿಂತಳು.

"ನನ್ನ ಕೂಸು ಕೊಡ್ರಿ!"

"ಉಮಾ, ಬ್ಯಾಡ..." ಎಂದು ನಾನು ಸೆರಗು ಹಿಡಿದೆ. ಅವಳು ಕೇಳಲಿಲ್ಲ.

"ಕೂಸು ಹಸದು ಅಳಾಕತ್ತೇತಿ, ನೀವು ಕಾಗದ ಓದ್ತೀರಿ! ಸತ್ತು ಹುಟ್ಟಿ ಬಂದೇನ್ರಿ ನಾನು. ಕೀಟಾಣು ಆಗಿದ್ದು ನನ್ನ ರಕ್ತದಾಗ, ತಲಿಯಾಗಲ್ಲ! ದಿನಾ ಹಾಲು ಹಿಂಡಿ ಬಚ್ಚಲಕ್ಕ ಚೆಲ್ಲೇನಿ. ಸುಮ್ಮನಿರು ಅಂದ್ರಿ, ಸುಮ್ಮನಿದ್ದೆ. ನಗಬ್ಯಾಡ ಅಂದ್ರಿ, ನಗಲಿಲ್ಲ. ಇನ್ನ ಆರ ತಿಂಗಳ ಹೆಣದಂಗ ಕುಂಡ್ರಬೇಕೇನು? ಕೊಡ್ರಿ ನನ್ನ ಕೂಸು!"

ಶಿವಲಿಂಗಪ್ಪ ಕಾಗದವನ್ನು ಮಡಚುತ್ತ ನನ್ನ ಕಡೆ ನೋಡಿದರು. "ನೋಡಿದ್ರ್ಯಾ? ಇದಕ್ಕ ನಾ ಅಂದದ್ದು."

"ಏನ ನೋಡೂದೈತಿ?"

ಒಳಗಿನಿಂದ ಬಂದದ್ದು ಉಮಾಳ ಅತ್ತೆ ಬಸಲಿಂಗವ್ವ. ಕೈಯಲ್ಲಿ ಅಳುವ ಕೂಸು. ಆ ಹೆಣ್ಣುಮಗಳು ಗಂಡನ ಮುಂದೆ ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನಾಲ್ಕ ಹಡದಾಕಿ ನಾನು. ನನ್ನ ಕೂಸು ಯಾರರ ಹಿಂಗ ಇಟ್ಕೊಂಡಿದ್ರ ಬರೇ ಬಾಯಿಲೆ ಒದರತಿದ್ದಿಲ್ಲ, ಒಲಿಯಾಗಿನ ಕೊಳ್ಳಿ ಹಿಡಕೊಂಡು ಬರತಿದ್ದೆ. ಹಡದಾಕಿ ಒಮ್ಮೆ ಅಂಗಡಿಗೆ ಬಂದು ಹೋದಾಕಿ ಮತ್ತ ಬರವಲ್ಲಳು, ಫೋನ ಹಚ್ಚಿ ಅಳವಲ್ಲಳು, ಬೈಯವಲ್ಲಳು. ಅದಕ್ಕ ನನಗ ಸಂಶಯ ಬಂದಿತ್ತು, ಖರೇನ ಈಕಿಗೆ ಏನೋ ಆಗೇತಿ ಅಂತ." ಅವರು ಬಂದು ಕೂಸನ್ನು ಉಮಾಳ ಕೈಗೆ ಹಾಕಿದರು. "ತಗೋ. ಕುಂಡ್ರು. ಮೊದಲ ಹಾಲು ಕುಡಸು."

ಶಿವಲಿಂಗಪ್ಪ ಏನೋ ಹೇಳಲು ಹೋದರು. "ನಿಮ್ಮ ಚೀಲಾ ಚೀಟಿ ಅಂಗಡ್ಯಾಗ ಇಟ್ಕೋರಿ" ಎಂದರು ಬಸಲಿಂಗವ್ವ. ಶಿವಲಿಂಗಪ್ಪ ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡರು. ನಾನು ಅಷ್ಟು ಬಡಿದಾಡಿ ತಂದ ಕಾಗದ ಚಾಪೆಯ ಮೇಲೆ ಬಿದ್ದಿತ್ತು. ಯಾರೋ ಅದರ ಮೇಲೆ ಗುಗ್ಗರಿಯ ಬುಟ್ಟಿ ಇಟ್ಟರು.

ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಮೊದಲು ಉಮಾಳನ್ನು ಕೇಳಿದಳು, ಯಾವ ಹೆಸರು ಅಂತ. ಆಮೇಲೆ ಪದ್ಧತಿಯಂತೆ ಹೆಂಗಸರೆಲ್ಲ ಆ ಸೋದರತ್ತೆಯ ಬೆನ್ನಿಗೆ ಗುದ್ದಿ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ಗುದ್ದಿದೆ. ಶರಣಬಸವ ನೀರಿನ ತಂಬಿಗೆ ಹಿಡಿದು ಬಂದು ಹೆಂಡತಿಯ ಮುಂದೆ ನಿಂತ. ಉಮಾ ನೀರು ಕುಡಿದಳು. "ಬಾಣಂತನ ಮುಗಿಯೂತನ ತವರಮನ್ಯಾಗ ಇರ್ತೇನಿ. ನೀವು ಬಂದು ನೋಡಿ ಹೋಗ್ರಿ. ನಿಮ್ಮ ಸಂಗಟ ಜಗಳಾಡೂದೈತಿ, ಸಾವಕಾಶ ಬರ್ರಿ" ಎಂದಳು. ಅವನು ತಲೆಯಾಡಿಸಿದ.

ತಿರುಗಿ ಬರುವಾಗ ಕೂಸು ಅವಳ ತೊಡೆಯ ಮೇಲೆ ಮಲಗಿತ್ತು. ಬಸ್ಸು ಊರು ದಾಟಿತು. ಆಮೇಲೆ ಕೂಸಿನ ಕೂದಲು ಸವರುತ್ತ, ನನ್ನ ಮುಖ ನೋಡದೆ ಕೇಳಿದಳು.

"ಅಕ್ಕಾ, ನಿಂಗೂ ನನ್ನ ಮ್ಯಾಲ ಸಂಶಯ ಇತ್ತು, ಹೌದಿಲ್ಲೋ?"

ನನಗೆ ರೇಗಿಹೋಯಿತು. ಇವಳಿಗಾಗಿ ಆಸ್ಪತ್ರೆಯಲ್ಲಿ ಕುರ್ಚಿ ಕೆಡವಿ ಬಂದವಳು ನಾನು. "ಏ ಹುಚ್ಚಿ! ಏನಂತ ಮಾತಾಡ್ತಿ..."

ಮಾತು ಹೊರಬಿದ್ದಿತ್ತು. ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ಉಮಾ ತಿರುಗಿ ನನ್ನನ್ನು ನೋಡಿದಳು.

"ಹುಬ್ಬಳ್ಳಿಯಿಂದ ಬಂದ ಮ್ಯಾಲ ಇವತ್ತ ಅಂದಿ ನೋಡು" ಎಂದಳು. "ಆ ನಂಬರ ನೋಡಿ ನಾ ಅಂಜಿದ್ದಿಲ್ಲಕ್ಕಾ. ಹುಟ್ಟಿದಾಗಿಂದ ಹುಚ್ಚಿ ಅಂದಾಕಿ, ಒಮ್ಮಿಂದೊಮ್ಮೆ ಉಮಾ, ಉಮಾ ಅನ್ನಾಕ ಹತ್ತಿದಿ. ಅವತ್ತ ಅಂಜಿದೆ, ಹಂಗಾರ ಖರೇನ ಇರಬೇಕು ಅಂತ."

ಅವಳು ಕೂಸನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು, ನನ್ನ ಭುಜಕ್ಕೆ ತಲೆ ಆನಿಸಿದಳು.

"ಇನ್ನೊಮ್ಮೆ ಅನ್ನು" ಎಂದಳು.